ಗುಳ್ಳೆಗೂ ಒಂದು ಲ್ಯಾಬ್ ಪೀರಿಯಡ್ ಕೊಡಿ

ಹಾಲ್–ಹೆರೋ ಪ್ರಕ್ರಿಯೆಯ ಚಿತ್ರ ಬಿಡಿಸದೆ ಪಿಯುಸಿ ಮುಗಿಸಿದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಒಂದು ತೊಟ್ಟಿ, ಮೇಲಿಂದ ಇಳಿಬಿಟ್ಟ ಕಾರ್ಬನ್ ಆನೋಡ್‌ಗಳು, ತಳದಲ್ಲಿ ಕರಗಿದ ಅಲ್ಯೂಮಿನಿಯಂ. ಕೆಳಗೊಂದು ಸಮೀಕರಣ. ಅದರ ಕೊನೆಯಲ್ಲಿ ಕಾರ್ಬನ್ ಡೈಆಕ್ಸೈಡ್, ಪಕ್ಕದಲ್ಲಿ ಮೇಲಕ್ಕೆ ಮುಖ ಮಾಡಿದ ಪುಟ್ಟ ಬಾಣ. ಬಾಣ ಮರೆತರೆ ಅರ್ಧ ಮಾರ್ಕ್ಸ್ ಕಟ್, ಹಾಕಿದರೆ ವಿಷಯ ಮುಗೀತು. ನಮ್ಮ ತಕರಾರು ಇರೋದೇ ಆ ಬಾಣದ ಮೇಲೆ.

ಯಾಕಂದ್ರೆ ಗ್ಯಾಸ್ ನೇರವಾಗಿ ಮೇಲಕ್ಕೆ ಹೋಗೋಕೆ ಅಲ್ಲಿ ದಾರಿಯೇ ಇಲ್ಲ. ಅದು ಹುಟ್ಟೋದು ಆನೋಡ್‌ನ ಚಪ್ಪಟೆ ತಳದಲ್ಲಿ. ತಲೆ ಮೇಲೆ ಇಡೀ ಕಾರ್ಬನ್ ದಿಮ್ಮಿ ಕೂತಿದೆ. ಕುದಿಯುವ ನೀರಲ್ಲಿ ಒಂದು ತಟ್ಟೆ ಮುಳುಗಿಸಿ ಹಿಡಿದರೆ ಗುಳ್ಳೆಗಳು ಅದರ ಅಡಿಯಲ್ಲಿ ಸಿಕ್ಕಿಕೊಳ್ಳುತ್ತವಲ್ಲ, ಹಾಗೆ. ಸಣ್ಣ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ, ಕೆಲವೇ ಮಿಲಿಮೀಟರ್ ದಪ್ಪದ ಪದರವಾಗಿ ಹರಡಿ, ಅಂಚಿನ ತನಕ ತೆವಳಿಕೊಂಡು ಹೋಗಿ ಆಮೇಲೆ ಹೊರಗೆ ಬರುತ್ತವೆ. ಇದೆಲ್ಲ ನಡೆಯೋದು ಸುಮಾರು 960 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಕ್ರಯೋಲೈಟ್‌ನಲ್ಲಿ, ಆನೋಡ್‌ಗೂ ಲೋಹಕ್ಕೂ ನಡುವಿನ ನಾಲ್ಕೈದು ಸೆಂಟಿಮೀಟರ್ ಜಾಗದಲ್ಲಿ.

ಗ್ಯಾಸ್ ಕರೆಂಟ್ ಹರಿಯಲು ಬಿಡಲ್ಲ. ಹಾಗಾಗಿ ಗುಳ್ಳೆ ಅಂಟಿಕೊಂಡಷ್ಟೂ ರೆಸಿಸ್ಟೆನ್ಸ್ ಜಾಸ್ತಿ. ಇದರಿಂದ ಒಂದು ಸೆಲ್‌ಗೆ 0.2 ವೋಲ್ಟ್ ದಂಡ ಅಂತ ಇಟ್ಟುಕೊಳ್ಳಿ. ಒಟ್ಟು ನಾಲ್ಕು ಚಿಲ್ಲರೆ ವೋಲ್ಟ್‌ನಲ್ಲಿ ಇದೇನು ಮಹಾ ಅನ್ನಿಸುತ್ತೆ. ಫ್ಯಾರಡೆ ನಿಯಮ ಹಿಡಿದು, ಕರೆಂಟ್ ಎಫಿಶಿಯನ್ಸಿ ಶೇ. 94 ಅಂದುಕೊಂಡು ಲೆಕ್ಕ ಹಾಕಿ ನೋಡಿ: ಒಂದು ಟನ್ ಅಲ್ಯೂಮಿನಿಯಂಗೆ ಸುಮಾರು 630 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೆ ಇರುವ ಮನೆಗೆ ಮೂರು ತಿಂಗಳಿಗೂ ಮಿಕ್ಕುವ ಕರೆಂಟ್! ಒಡಿಶಾದ ಅಂಗುಲ್‌ನಲ್ಲಿರುವ ನಾಲ್ಕೋ ಸ್ಮೆಲ್ಟರ್‌ನ ಸಾಮರ್ಥ್ಯ ವರ್ಷಕ್ಕೆ 4.6 ಲಕ್ಷ ಟನ್. ಅಷ್ಟು ದೊಡ್ಡ ಕಡೆ ಬರೀ 0.1 ವೋಲ್ಟ್ ಉಳಿಸಿದರೂ ವರ್ಷಕ್ಕೆ 14 ಕೋಟಿ ಯೂನಿಟ್ ದಾಟುತ್ತೆ. ಆ ಕರೆಂಟ್ ಬರೋದು ಕಲ್ಲಿದ್ದಲಿನಿಂದ ಅನ್ನೋದನ್ನೂ ನೆನಪಿಟ್ಟುಕೊಳ್ಳಿ.

ಹಾಗಂತ ಗುಳ್ಳೆಯನ್ನು ವಿಲನ್ ಮಾಡೋದನ್ನು ನಾವು ಒಪ್ಪಲ್ಲ. ಮೇಲಿಂದ ಸುರಿದ ಅಲ್ಯೂಮಿನಾ ಪುಡಿ ತಳಕ್ಕೆ ಹೋಗಿ ಕೂರದಂತೆ ದ್ರವವನ್ನು ಕಲಕುವ ಕೆಲಸದಲ್ಲಿ ದೊಡ್ಡ ಪಾಲು ಈ ಗುಳ್ಳೆಗಳದ್ದೇ. ಬಿಟ್ಟಿ ಸೌಟು ಅನ್ನಿ. ಆದರೆ ಕಲಕೋದು ಜಾಸ್ತಿಯಾದರೆ ಲೋಹ ಮತ್ತೆ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ವಾಪಸ್ ಅಲ್ಯೂಮಿನಾ ಆಗಿಬಿಡುತ್ತೆ, ಮಾಡಿದ ಕೆಲಸ ನೀರುಪಾಲು. ಅಲ್ಯೂಮಿನಾ ತೀರಾ ಕಡಿಮೆಯಾದರಂತೂ ಇಡೀ ತಳಕ್ಕೆ ಗ್ಯಾಸ್ ಮೆತ್ತಿಕೊಂಡು ವೋಲ್ಟೇಜ್ ಮೂವತ್ತರ ಆಸುಪಾಸಿಗೆ ಜಿಗಿಯಬಹುದು. ಆಗ ಹೊರಬರುವ ಕಾರ್ಬನ್ ಟೆಟ್ರಾಫ್ಲೋರೈಡ್ ಹತ್ತಾರು ಸಾವಿರ ವರ್ಷ ವಾತಾವರಣ ಬಿಟ್ಟು ಹೋಗಲ್ಲ.

ಇದಕ್ಕೆ ಕಾರ್ಖಾನೆಗಳು ಕಂಡುಕೊಂಡ ಉಪಾಯ ನಮಗೆ ತುಂಬಾ ಇಷ್ಟವಾಯ್ತು. ಆನೋಡ್‌ನ ತಳದಲ್ಲಿ ಉದ್ದಕ್ಕೆ ಸೀಳು ಕೊರೀತಾರೆ, ಅಷ್ಟೇ. ಗುಳ್ಳೆ ಅಂಚಿನ ತನಕ ತೆವಳೋದು ತಪ್ಪಿ ಹತ್ತಿರದ ಸೀಳಿಗೆ ನುಗ್ಗುತ್ತೆ. ಆದರೆ ಆನೋಡ್ ದಿನಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್ ಸವೆಯುತ್ತೆ, ಸೀಳೂ ಅದರ ಜೊತೆಗೇ ಹೋಗುತ್ತೆ. ಆಳವಾಗಿ ಕೊರೆದರೆ ದಿಮ್ಮಿ ಬಿರುಕು ಬಿಡುವ ಭಯ. ಈ ಹಗ್ಗಜಗ್ಗಾಟವೇ ನಿಜವಾದ ಎಂಜಿನಿಯರಿಂಗ್ ಅಂತ ನಮ್ಮ ಅಭಿಪ್ರಾಯ. ಅದು ನಮ್ಮ ನೋಟ್ಸ್‌ನಲ್ಲಿ ಒಂದು ಸಾಲೂ ಇಲ್ಲ.

"ಕಾರ್ಬನ್ ಇಲ್ಲದ ಆನೋಡ್ ಬರ್ತಿದೆಯಲ್ಲ, ಇದನ್ನೆಲ್ಲ ಯಾಕೆ ಓದಬೇಕು" ಅನ್ನುವವರಿದ್ದಾರೆ. ನಿಜ, ಕೆನಡಾದಲ್ಲಿ ಎಲಿಸಿಸ್ ಅದನ್ನೇ ಮಾಡಲು ಹೊರಟಿದೆ. ಆದರೆ ಅಲ್ಲೂ ಆನೋಡ್‌ನಲ್ಲಿ ಗ್ಯಾಸ್ ಬರುತ್ತೆ, ಕಾರ್ಬನ್ ಡೈಆಕ್ಸೈಡ್ ಬದಲು ಆಕ್ಸಿಜನ್. ಗುಳ್ಳೆ ಎಲ್ಲಿಗೂ ಹೋಗಲ್ಲ. ಇನ್ನು "ನಮಗೆ ಹೇಗೂ ಸಾಫ್ಟ್‌ವೇರ್ ಪ್ಲೇಸ್‌ಮೆಂಟ್ ತಾನೆ" ಅನ್ನುವ ಗೆಳೆಯರೇ, ಒಳಗೆ ಅಲ್ಯೂಮಿನಾ ಎಷ್ಟಿದೆ ಅಂತ ಕಂಪ್ಯೂಟರ್ ಊಹಿಸೋದು ಸೆಲ್‌ನ ವೋಲ್ಟೇಜ್ ನೋಡಿ. ಆ ಸಿಗ್ನಲ್‌ನಲ್ಲಿ ಗುಳ್ಳೆಗಳ ಗಲಾಟೆಯೂ ಬೆರೆತಿರುತ್ತೆ. ಅದನ್ನು ಬೇರ್ಪಡಿಸೋದು ನಿಮ್ಮ ಕೆಲಸವೇ.

ನಾವು ಕೇಳ್ತಿರೋದು ಹೊಸ ಪೇಪರ್ ಅಲ್ಲ, ಕೆಮಿಸ್ಟ್ರಿ ಲ್ಯಾಬ್‌ನ ಒಂದೇ ಒಂದು ಶನಿವಾರ. ಕುದಿಯುವ ಕ್ರಯೋಲೈಟ್ ಯಾರಿಗೂ ಬೇಡ. ಅದರ ಕೈನೆಮ್ಯಾಟಿಕ್ ವಿಸ್ಕಾಸಿಟಿ ನಮ್ಮ ನಲ್ಲಿ ನೀರಿಗೆ ಹತ್ತಿರವೇ ಇದೆ, ಅದಕ್ಕೇ ಸಂಶೋಧಕರೂ ನೀರಿನ ಮಾಡೆಲ್ ಕಟ್ಟುತ್ತಾರೆ (ಮೇಲ್ಮೈ ಸೆಳೆತ ಬೇರೆ, ಆದ್ದರಿಂದ ಗುಳ್ಳೆಯ ಆಕಾರ ಅಷ್ಟೊಂದು ಹೊಂದಲ್ಲ). ಒಂದು ಗಾಜಿನ ತೊಟ್ಟಿ, ಅಕ್ವೇರಿಯಂ ಪಂಪ್, ತಳದ ತುಂಬಾ ಸಣ್ಣ ತೂತುಗಳಿರುವ ಎರಡು ಅಕ್ರಿಲಿಕ್ ಡಬ್ಬಿ: ಒಂದಕ್ಕೆ ಸೀಳು, ಇನ್ನೊಂದಕ್ಕೆ ಇಲ್ಲ. ಡಬ್ಬಿಯನ್ನು ಮೆಕ್ಯಾನಿಕಲ್‌ನವರು ಮಾಡಿಕೊಡಲಿ, ಸ್ಲೋ ಮೋಷನ್ ವಿಡಿಯೊ ನಾವು ತೆಗೀತೀವಿ, ಗುಳ್ಳೆ ಎಣಿಸುವ ಕೋಡ್ ಸಿಎಸ್‌ನವರು ಬರೀಲಿ. ಪಂಪ್ ನಮ್ಮ ಹಾಸ್ಟೆಲ್‌ನಲ್ಲೇ ಒಂದಿದೆ.