ಅರಿಶಿನ ಹಾಕಿದರೆ ಬೂಸ್ಟಿನ ವಿಷ ಹೋಗುವುದೇ?



ಮೆಕ್ಕೆಜೋಳದ ತೆನೆ ಮುರಿಯುವ ಹೊತ್ತಿಗೆ ಮಳೆ ಹಿಡಿದರೆ ನಮ್ಮ ಅಂತರಘಟ್ಟೆ, ಅಜ್ಜಂಪುರ ಕಡೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಒಣಗದ ಕಾಳಿಗೆ ಬೂಸ್ಟು ಬರುತ್ತದೆ. ಒಳ್ಳೆಯ ಚೀಲ ಮಾರಾಟಕ್ಕೆ ಹೋಗುತ್ತದೆ, ವ್ಯಾಪಾರಿ ಬೇಡವೆಂದ ಚೀಲ ಕೊಟ್ಟಿಗೆಗೆ ಬರುತ್ತದೆ. "ಹಸು ತಿನ್ನುತ್ತೆ ಬಿಡು" ಎನ್ನುತ್ತೇವೆ. ಮೇಲೊಂದಿಷ್ಟು ಅರಿಶಿನ ಬೆರೆಸಿ ಸಮಾಧಾನಪಡುವವರೂ ಇದ್ದಾರೆ.

ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಹಸುವಿನ ಯಕೃತ್ತನ್ನು ಕೆಡಿಸುತ್ತದೆ. ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ವಿಷದ ಒಂದು ಪಾಲು ದಿನದೊಳಗೆ ಹಾಲಿಗೂ ಬರುತ್ತದೆ, ಕಾಯಿಸಿದರೂ ಹೋಗುವುದಿಲ್ಲ. 2018ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ ಇದು ಮಿತಿ ಮೀರಿತ್ತು. ನಮ್ಮ ಹಾಲನ್ನು ಮೊದಲು ಕುಡಿಯುವವರು ನಮ್ಮ ಮಕ್ಕಳೇ.

ಹಾಗಾದರೆ ಅರಿಶಿನ ಸುಳ್ಳೇ? ಅಲ್ಲ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆಯ ವಿಜ್ಞಾನಿ ಎನ್.ಕೆ.ಎಸ್. ಗೌಡ ಅವರು ಅಮೆರಿಕದ ಮಿಸೌರಿಯಲ್ಲಿ ಸಂಗಡಿಗರೊಡನೆ ಕೋಳಿಮರಿಗಳ ಮೇಲೆ ಮಾಡಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಅಫ್ಲಾಟಾಕ್ಸಿನ್ ತಿಂದ ಮರಿಗಳಿಗೆ ಅರಿಶಿನದ ಆಂಟಿಆಕ್ಸಿಡೆಂಟ್ ಅಂಶ ರಕ್ಷಣೆ ಕೊಟ್ಟಿತ್ತು. ವಿಷದಿಂದ ಜೀವಕೋಶಗಳಿಗೆ ಆಗುವ ಹಾನಿಯನ್ನು ತಗ್ಗಿಸುವುದೇ ಈ ಅಂಶದ ಕೆಲಸ. ಆದರೆ ಅವು ಕೋಳಿಮರಿಗಳು, ಅಳತೆ ಮಾಡಿ ಹಾಕಿದ ಅರಿಶಿನ. ಅದನ್ನು ನಂಬಿ ಹಸುವಿಗೆ ಬೂಸ್ಟು ತಿನ್ನಿಸುವಂತಿಲ್ಲ. ಕೊಡೆ ಇದೆಯೆಂದು ಯಾರೂ ಹೊಳೆಗೆ ಇಳಿಯುವುದಿಲ್ಲ.

ನನ್ನ ಮಾತು ಇಷ್ಟೇ. ಮೊದಲು ವಿಷ ನಿಲ್ಲಲಿ, ಆಮೇಲೆ ಸೊಪ್ಪು. ಕಾಳನ್ನು ಹಲ್ಲಿಗೆ ಕಟಕ್ ಎನ್ನುವಷ್ಟು ಒಣಗಿಸಿ. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ. ಮುಗ್ಗಲು ವಾಸನೆಯ ಜೋಳ, ಶೇಂಗಾ ಹಿಂಡಿ ಯಾವುದನ್ನೂ ಹಾಕಬೇಡಿ. ನಿಲ್ಲಿಸಿದ ಮೂರ್ನಾಲ್ಕು ದಿನಗಳಲ್ಲಿ ಹಾಲಿನಲ್ಲಿನ ವಿಷ ಬಹುಮಟ್ಟಿಗೆ ಇಳಿಯುತ್ತದೆ. ಬರೀ ಒಣಹುಲ್ಲು ಸಾಲದು. ಹಸಿಮೇವು, ನುಗ್ಗೆಸೊಪ್ಪು ಕೊಟ್ಟರೆ ವಿಟಮಿನ್ ಇ, ಬೀಟಾ ಕೆರೋಟಿನ್ ಸಿಕ್ಕು ಹಸುವಿನ ಶಕ್ತಿ ಉಳಿಯುತ್ತದೆ.

ಒಂದು ಚೀಲ ಜೋಳ ಬಿಸಾಡೋಣ ಎಂದರೆ ಮನೆಯಲ್ಲಿ ಮಾತು ಬರುತ್ತದೆ, ಗೊತ್ತು. ಆದರೆ ಮೇವು ಹಾಕುವವರು, ಹಾಲು ಕರೆಯುವವರು ನಾವು. ಬೇಡವೆನ್ನುವ ಹಕ್ಕೂ ನಮ್ಮದೇ. ಆ ನಷ್ಟ ಒಬ್ಬಳ ತಲೆಗೇ ಬೀಳಬಾರದು. ಡೇರಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ ಅಳೆಯುವಂತೆ ಕಾಳಿನ ತೇವ ಅಳೆಯುವ ಮೀಟರ್ ಕೂಡ ಒಂದು ಇರಲಿ. ಬರುವ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳೋಣ, ಎಲ್ಲರೂ ಬನ್ನಿ.