ಪುರಸ್ಕಾರ, ವಿದ್ಯಾರ್ಥಿವೇತನ ಮತ್ತು ಜಾತಿಯ ಎರಡು ಲೆಕ್ಕಗಳು

ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಫಲಿತಾಂಶಗಳು ಹೊರಬಿದ್ದೊಡನೆ ನಮ್ಮ ನಾಡಿನ ಸಮುದಾಯ ಭವನಗಳಲ್ಲಿ 'ಪ್ರತಿಭಾ ಪುರಸ್ಕಾರ'ಗಳ ಸುಗ್ಗಿ ಆರಂಭವಾಗುತ್ತದೆ. ಚನ್ನಪಟ್ಟಣವೂ ಇದಕ್ಕೆ ಹೊರತಲ್ಲ. ಆಯಾ ಜಾತಿಯ ಸಂಘವು ಆಯಾ ಜಾತಿಯ ಮಕ್ಕಳಿಗೆ, ಅದೂ ಹೆಚ್ಚು ಅಂಕ ಪಡೆದವರಿಗೆ ಮಾತ್ರ, ಶಾಲು ಹೊದಿಸಿ ಸ್ಮರಣಿಕೆ ನೀಡುತ್ತದೆ. ಪರಿಶಿಷ್ಟರಿಗೂ ಹಿಂದುಳಿದವರಿಗೂ ಸರ್ಕಾರ ಕೊಡುವ ವಿದ್ಯಾರ್ಥಿವೇತನದಿಂದ ಪ್ರತಿಭೆಗೆ ಅನ್ಯಾಯವಾಗುತ್ತಿದೆ ಎಂಬ ಮಾತು ಕೇಳಿಬರುವುದೂ ಬಹುಮಟ್ಟಿಗೆ ಇಂಥ ಸಭೆಗಳ ಊಟದ ಪಂಕ್ತಿಯಲ್ಲಿಯೇ. ಜಾತಿ ನೋಡಿ ಕೊಡುವುದೇ ತಪ್ಪಾದರೆ ಎರಡೂ ತಪ್ಪು. ಆದರೆ ಈ ಎರಡೂ ಒಂದೇ ಅಲ್ಲ. ಜಾತಿಯನ್ನು ಅಡಚಣೆಯ ಗುರುತಾಗಿ ನೋಡುವುದು ನ್ಯಾಯ. ಅಭಿಮಾನದ ಗುರುತಾಗಿ ನೋಡುವುದು ಕೇವಲ ಬಳಗದ ಸಂಭ್ರಮ.

ಈ ವಿವಾದ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದಾಗ, ದಿವಾನ್ ವಿಶ್ವೇಶ್ವರಯ್ಯನವರು ಆ ಧೋರಣೆಯನ್ನು ಒಪ್ಪಲಿಲ್ಲ. ಆಡಳಿತದ ದಕ್ಷತೆ ಕುಂದೀತು ಎಂಬುದು ಆಗಿನ ಆಕ್ಷೇಪ. ಇಂದಿನ 'ಪ್ರತಿಭೆ'ಯ ವಾದ ಅದರದೇ ಮೊಮ್ಮಗು. ಆ ದಕ್ಷತೆಯ ಹಿಂದೆ ತಲೆಮಾರುಗಳ ಅಕ್ಷರಸಂಪತ್ತು ಇತ್ತೆಂಬುದನ್ನು ಅಂದೂ ಮರೆಯಲಾಯಿತು, ಇಂದೂ ಮರೆಯಲಾಗುತ್ತಿದೆ.

'ಜಾತಿ ಬಿಡಿ, ಬಡತನ ನೋಡಿ' ಎನ್ನುವವರುಂಟು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ದೊರೆಯಬೇಕಾದರೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಅಲ್ಲಿ ಬಡತನವನ್ನು ಈಗಾಗಲೇ ನೋಡಲಾಗುತ್ತಿದೆ. 2019ರ 103ನೆಯ ತಿದ್ದುಪಡಿಯ ಮೂಲಕ ಬಂದ ಆರ್ಥಿಕ ದುರ್ಬಲರ ಮೀಸಲಾತಿಗಾದರೋ ಆದಾಯದ ಮಿತಿ 8 ಲಕ್ಷ! ಒಂದು ವಿದ್ಯಾರ್ಥಿವೇತನಕ್ಕೆ, ಇನ್ನೊಂದು ಸೀಟು ಹಾಗೂ ಉದ್ಯೋಗಕ್ಕೆ ಸಂಬಂಧಿಸಿದ್ದು, ನಿಜ. ಆದರೂ ಯಾರ ಬಡತನವನ್ನು ಎಷ್ಟು ಬಿಗಿಯಾಗಿ ಅಳೆಯಲಾಗುತ್ತಿದೆ ಎಂಬುದು ಇದರಿಂದ ಸ್ಪಷ್ಟ.

ಜಾತಿ ಸಂಘಗಳ ಮೂಲೋದ್ದೇಶ ಹೀನವಾಗಿರಲಿಲ್ಲ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ, ಅಂಥ ಇತರ ಸಂಘಗಳೂ ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಅನ್ನ ಮತ್ತು ನೆಲೆ ಒದಗಿಸಲು ಶ್ರಮಿಸಿದವು. ಅಂದು ಅವು ಕೊರತೆಯನ್ನು ಗುರುತಿಸಿದವು. ಇಂದಿನ ಸಮಾರಂಭಗಳು ಅಂಕಗಳನ್ನು ಗುರುತಿಸುತ್ತವೆ. ಶೇ. 95 ಪಡೆದ ವೈದ್ಯರ ಮಗನಿಗೆ ಶಾಲು ಸಿಗುತ್ತದೆ. ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ದುಡಿಯುತ್ತಲೇ ಓದಿ ಶೇ. 60 ಪಡೆದ ಅದೇ ಜಾತಿಯ ಹುಡುಗಿಗೆ ಆಮಂತ್ರಣವೂ ಇಲ್ಲ.

ಈ ಮಾತು ಜೈನ ಸಮಾಜಕ್ಕೂ ಅನ್ವಯ. 2014ರಲ್ಲಿ ನಮಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು. 2001ರ ಜನಗಣತಿಯಲ್ಲಿ ನಮ್ಮ ಸಾಕ್ಷರತೆ ಶೇ. 94.1, ಎಲ್ಲ ಧರ್ಮೀಯರಲ್ಲಿ ಅತ್ಯಧಿಕ. ಆದುದರಿಂದ ನಮ್ಮ ದತ್ತಿಗಳು ಮೊದಲು ತಲುಪಬೇಕಾದುದು ಬಡ ಶ್ರಾವಕರ ಮಕ್ಕಳನ್ನು, ಆನಂತರ ಬಸದಿಯ ಹೊರಗಿನ ಮಕ್ಕಳನ್ನು. ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ಶಾಸ್ತ್ರದಾನ. ಇದ್ದವರಿಗೇ ಮತ್ತೆ ಕೊಡುವುದನ್ನು ದಾನವೆನ್ನಲಾಗದು.

ದೂರದ ಆದರ್ಶ ಬೇಕಿಲ್ಲ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಶಿವಕುಮಾರ ಸ್ವಾಮಿಗಳು ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಅನ್ನ, ವಸತಿ, ವಿದ್ಯೆಗಳನ್ನು ಒದಗಿಸಿದರು. ಮುಂದಿನ ಸಮಾರಂಭಕ್ಕೆ ಪಟ್ಟಿ ಸಿದ್ಧಪಡಿಸುವ ಪದಾಧಿಕಾರಿಗಳು ಅಂಕಪಟ್ಟಿಗಿಂತ ಮೊದಲು ಒಂದು ಪ್ರಶ್ನೆ ಕೇಳಲಿ: ಈ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಈ ಮಗುವೇ ಮೊದಲನೆಯದೇ?