ಕೆಟ್ಟಿದೆ ಅಂದರೆ ಸಾಲದು, ಏನು ಕೆಟ್ಟಿದೆ ಹೇಳಿ!



ಹಳೆಯ ಯಂತ್ರ ನಿಂತರೆ ನಾವೆಲ್ಲ ಹೇಳುವುದು ಒಂದೇ ಮಾತು: "ಕೆಟ್ಟೋಯ್ತು, ಗುಜರಿಗೆ ಹಾಕಿ." ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಪೆನ್ ಪ್ಲಾಟರ್ ಎಂಬ ಯಂತ್ರದ ಉದಾಹರಣೆ ಕೊಡುತ್ತೇನೆ.

ಪ್ಲಾಟರ್ ಅಂದರೆ ಕಂಪ್ಯೂಟರ್ ಹೇಳಿದಂತೆ ಪೆನ್ನು ಹಿಡಿದು ಗೆರೆ ಎಳೆಯುವ ಯಂತ್ರ. ಇಂಜಿನಿಯರುಗಳು ಇದರಲ್ಲಿ ನಕ್ಷೆ ಬರೆಸುತ್ತಿದ್ದರು. ೧೯೮೩ರಲ್ಲಿ ಬಂದ ಎಚ್‌ಪಿ ೭೪೭೫ಎ ಪ್ಲಾಟರಿಗೆ ಆರು ಪೆನ್ನು. ಪೆನ್ನು ಅಡ್ಡಡ್ಡ ಓಡುತ್ತದೆ, ಕಾಗದ ಹಿಂದೆ ಮುಂದೆ ಸರಿಯುತ್ತದೆ. ಎರಡೂ ಕೂಡಿದರೆ ವೃತ್ತವೂ ಬರುತ್ತದೆ. ಇಂಕ್‌ಜೆಟ್ ಬಂದ ಮೇಲೆ ಇವು ಮೂಲೆ ಸೇರಿದವು. ಆದರೂ ಆಸಕ್ತರು ಇಂದಿಗೂ ರಿಪೇರಿ ಮಾಡಿ ಓಡಿಸುತ್ತಾರೆ.

ಹೇಗೆ? ಮೊದಲು ಕಂಪ್ಯೂಟರಿನ ವೈರು ಬಿಡಿಸಿ, ಯಂತ್ರದಲ್ಲೇ ಇರುವ ಪರೀಕ್ಷಾ ಚಿತ್ರ ಬರೆಸುತ್ತಾರೆ. ಅದು ಸರಿಯಾಗಿ ಬಂದರೆ ವೈರು, ಸೆಟ್ಟಿಂಗುಗಳ ಕಡೆ ಹುಡುಕಬೇಕು. ಪೆನ್ನು ಓಡಿಯೂ ಗೆರೆ ಮೂಡದಿದ್ದರೆ ಶಾಯಿ ಒಣಗಿರಬಹುದು. ವೃತ್ತದ ತುದಿಗಳು ಕೂಡದಿದ್ದರೆ ಕಾಗದ ಜಾರುತ್ತಿರಬಹುದು. ಕಾಗದ ಹಿಡಿಯುವ ತರಿತರಿಯಾದ ಚಕ್ರದಲ್ಲಿ ಧೂಳು ಕೂತಿದೆಯೇ ನೋಡಿ, ಕರೆಂಟ್ ತೆಗೆದು ಬ್ರಷ್ಷಿನಿಂದ ಉಜ್ಜಬೇಕು. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಳೆಗಾಲದಲ್ಲಾದರೆ ಥಂಡಿ ಹಿಡಿದ ಕಾಗದವೂ ಕಾರಣ ಇರಬಹುದು. ಒಣ ಕಾಗದ ಹಾಕಿ ನೋಡಬೇಕು. ಮುಖ್ಯ ಮಾತು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಇದೇನು ನಮಗೆ ಹೊಸದಲ್ಲ. ಅಡಿಕೆಗೆ ಬೋರ್ಡೋ ಹೊಡೆಯುವಾಗ ಔಷಧಿ ಬರದಿದ್ದರೆ ನಮ್ಮ ಅಪ್ಪ, ಚಿಕ್ಕಪ್ಪಂದಿರು ಪಂಪನ್ನೇ ಎಸೆಯುತ್ತಾರಾ? ಮೊದಲು ನಾಜಲ್ ಬಿಚ್ಚಿ ಕಸ ತೆಗೀತಾರೆ, ಆಮೇಲೆ ಪೈಪು ನೋಡ್ತಾರೆ, ಕೊನೆಗೆ ಪಂಪು. ತೋಟದಲ್ಲಿ ಇರುವ ಈ ಬುದ್ಧಿ ಕರೆಂಟಿನ ವಸ್ತು ಕಂಡ ಕೂಡಲೇ ಎಲ್ಲಿ ಹೋಗುತ್ತೆ?

"ಬಿಡಿಭಾಗ ಸಿಗಲ್ಲ, ಹೊಸದೇ ಅಗ್ಗ" ಅಂತ ಕೆಲವರು ಹೇಳ್ತಾರೆ. ಕೆಲವು ಸಲ ಅದೂ ನಿಜ. ಒಳಗಿನ ಸರ್ಕ್ಯೂಟ್ ಸುಟ್ಟಿದ್ದರೆ ನಾವು ಕೈ ಹಾಕಬಾರದು, ಬಲ್ಲವರೇ ನೋಡಬೇಕು. ಆದರೆ ಅದು ಪರೀಕ್ಷಿಸಿದ ಮೇಲೆ ಹೇಳುವ ಮಾತು, ಮೊದಲೇ ಅಲ್ಲ.

ಆದ್ದರಿಂದ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಬರಲಿ. ರೇಡಿಯೋ, ಗಡಿಯಾರ, ಕಂಪ್ಯೂಟರ್ ಯಾವುದೇ ಇರಲಿ, ಗುಜರಿಗೆ ಕೊಡುವ ಮೊದಲು ಅದಕ್ಕೊಂದು ಚೀಟಿ ಅಂಟಿಸೋಣ. ಚೀಟಿಯಲ್ಲಿ ಎರಡು ಪ್ರಶ್ನೆ: ಏನು ಕೆಟ್ಟಿದೆ? ಅದು ಹೇಗೆ ಗೊತ್ತಾಯ್ತು? ಉತ್ತರ ಬರೆಯಲು ಆಗದಿದ್ದರೆ ಆ ವಸ್ತು ಶಾಲೆಯ ಗೇಟು ದಾಟಬಾರದು. ವಿಜ್ಞಾನದ ಮೇಷ್ಟ್ರು ಒಪ್ಪಿದರೆ ಶನಿವಾರದ ಕೊನೆ ಪೀರಿಯಡ್ ಇದಕ್ಕೆ ಸಾಕು. ನೀವೇನಂತೀರಿ?